ನಾನು ಕಡಿಮೆ ಮಾಡಿ ಹೇಳಿದ ಚಳಿ

ನಾನು ಮೈಸೂರಿನ ಹವಾಮಾನ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ, ಪ್ರತಿ ಸೋಮವಾರ ಶ್ರೀರಾಂಪುರದಿಂದ ಪುಟ್ಟಮ್ಮನವರು ನಡೆದು ಬರುತ್ತಿದ್ದರು. ಮಗ ಲಡಾಖಿನ ಗಡಿಯಲ್ಲಿದ್ದ.

"ಈ ವಾರ ಅಲ್ಲಿ ಚಳಿ ಎಂಗದಪ್ಪ?"

ಲಡಾಖಿನ ವಾರದ ಮುನ್ಸೂಚನೆಯಲ್ಲಿ ಚಳಿ ಯಾವಾಗಲೂ ಸೊನ್ನೆಗಿಂತ ಎಷ್ಟೋ ಕೆಳಗೆ. ಆಕೆಯ ಮುಖ ನೋಡಿದರೆ ನಿಜ ಹೇಳಲು ಬಾಯಿ ಬರುತ್ತಿರಲಿಲ್ಲ. "ನಮ್ಮೂರ ಮಾಗಿ ಚಳಿಯಷ್ಟೇ ಕಣಮ್ಮ" ಎನ್ನುತ್ತಿದ್ದೆ.

"ಅಂಗಾದ್ರೆ ಅವನ ಉಣ್ಣೆ ಕಾಲುಚೀಲಕ್ಕೆ ಅವಸರ ಇಲ್ಲ ಬುಡು. ಕಣ್ಣು ಮಂಜು, ನಿಧಾನಕ್ಕೆ ಹೆಣೀತೀನಿ" ಎಂದು ಸಮಾಧಾನದಿಂದ ಹೋಗುತ್ತಿದ್ದರು.

ಬೇಸಿಗೆಯಲ್ಲಿ ಮಗ ಊರಿಗೆ ಬಂದ. ಹಿಮದಲ್ಲಿ ಮರಗಟ್ಟಿದ ಅವನ ಎರಡೂ ಪಾದಗಳನ್ನು ಡಾಕ್ಟರು ಕತ್ತರಿಸಿದ್ದರು.

ಮರುವಾರ ಪುಟ್ಟಮ್ಮನವರು ಬಂದು, ಹೆಣೆದು ಮುಗಿಸಿದ ಕಾಲುಚೀಲ ನನ್ನ ಮೇಜಿನ ಮೇಲಿಟ್ಟರು. "ವಾರವಾರಾನೂ ಬೇಜಾರಿಲ್ದೆ ಹೇಳ್ತಿದ್ದೆ. ನೀನೇ ಹಾಕ್ಕೊಳಪ್ಪ."

ಅದನ್ನು ಹಾಕಿಕೊಳ್ಳುವಷ್ಟು ಚಳಿ ಮೈಸೂರಿಗೆ ಇನ್ನೂ ಬಂದಿಲ್ಲ.