ಸನ್ನೆ ಬಲ್ಲವರ ಪೇಚಾಟ

ಎರಡು ಪೆನ್ನುಗಳಲ್ಲಿ ಒಂದನ್ನು ಆರಿಸು ಎಂದರೂ ನಾನು ಎರಡನ್ನೂ ಕೆಳಗಿಟ್ಟು ಯೋಚಿಸುವವಳು. ಆದರೂ ಕೊಲ್ಲಾಪುರದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುವಾಗ, ಮನುಷ್ಯ ಎಲ್ಲ ಮಾಹಿತಿಯನ್ನೂ ತೂಗಿನೋಡಿ ತನಗೆ ಹಿತವಾದುದನ್ನೇ ಆರಿಸಿಕೊಳ್ಳುತ್ತಾನೆ ಎಂದು ಬರೆದು ಒಳ್ಳೆಯ ಅಂಕ ಪಡೆದಿದ್ದೇನೆ. ಅಪ್ಪನಿಗೆ ಲಕ್ವಾ ಹೊಡೆದ ಮೇಲೆ ಮಾಹಿತಿಗೇನೂ ಕೊರತೆ ಇರಲಿಲ್ಲ. ತೂಗಿನೋಡುವ ಆ ಮನುಷ್ಯ ಮಾತ್ರ ಎಲ್ಲೂ ಸಿಗಲಿಲ್ಲ.

ಇದನ್ನು ಕನ್ನಡ ಪಾರ್ಶ್ವವಾಯು ಎನ್ನುತ್ತದೆ, ಮರಾಠಿ ಅರ್ಧಾಂಗವಾಯು ಎನ್ನುತ್ತದೆ. ಗಡಿಯ ಎರಡೂ ಬದಿಯವರು ಜಗಳವಿಲ್ಲದೆ ತಪ್ಪನ್ನು ಗಾಳಿಯ ಮೇಲೆ ಹೊರಿಸಿದ್ದಾರೆ. ಡಾಕ್ಟರು ಮಾತ್ರ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಎಂದರು. ಅಪ್ಪನ ಬಲಗೈ, ಬಲಗಾಲು ಸೋತಿದ್ದವು. ನಾವು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ಅವನ ಮಾತು ಮಾತ್ರ ಹೊರಗೆ ಬರುತ್ತಿರಲಿಲ್ಲ. ಮೊದಲ ಕೆಲವು ತಿಂಗಳು ಬಹಳ ಮುಖ್ಯ, ತಡಮಾಡದೆ ಸರಿಯಾದ ಕಡೆ ಚಿಕಿತ್ಸೆ ಮುಂದುವರಿಸಿ ಎಂದು ಹೇಳಿ ಮನೆಗೆ ಕಳಿಸಿದರು. ಸರಿಯಾದ ಕಡೆ ಎಂದರೆ ಎಲ್ಲಿ ಎಂಬುದನ್ನು ನಮಗೇ ಬಿಟ್ಟರು.

ಇಚಲಕರಂಜಿಯ ನಮ್ಮ ಓಣಿಯಲ್ಲಿ ರೋಗಿಯನ್ನು ನೋಡಲು ಬಂದವರು ಎಳನೀರಿನ ಜೊತೆ ಒಂದು ಸಲಹೆಯನ್ನೂ ಕೊಡದೆ ಹೋಗುವುದಿಲ್ಲ. ಕೊಲ್ಲಾಪುರದ ಪುನರ್ವಸತಿ ಕೇಂದ್ರದಲ್ಲೇ ಇಟ್ಟುಬಿಡಿ, ಅಲ್ಲಿ ನಡೆಸುವ ಯಂತ್ರವಿದೆ ಎಂದರು ಕೆಲವರು. ಫಿಸಿಯೋಥೆರಪಿಯವರು ಮನೆಗೇ ಬರುತ್ತಾರೆ, ಹೊರಗೆ ಯಾಕೆ ಎಂದರು ಇನ್ನು ಕೆಲವರು. ಅವ್ವನ ಮೈದುನ ಬಸಪ್ಪ ಕಾಕಾ ಗಡಹಿಂಗ್ಲಜದಲ್ಲಿ ಎಣ್ಣೆ ತಿಕ್ಕುವವನೊಬ್ಬನನ್ನು ಗೊತ್ತುಮಾಡಿಕೊಂಡೇ ಬಂದಿದ್ದ.

"ಹೊರಿಸ್ಕೊಂಡು ಹೋದವರು ನಡಕೋತ ಬಂದಾರ್ರಿ ವೈನಿ."

"ನಡಕೋತ ಹೋದವರು ಹೆಂಗ ಬಂದ್ರು, ಅದನ್ನೂ ಕೇಳ್ಕೊಂಡು ಬಾರಪಾ," ಎಂದಳು ಅವ್ವ.

ನಾನು ಎಲ್ಲರಿಗೂ ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ಒಂದು ಅನುಕೂಲವಿದೆ: ಮಾತಾಡಬೇಕಾಗುವುದಿಲ್ಲ.

ಇದು ನನ್ನೊಬ್ಬಳ ಗುಣವೇನಲ್ಲ, ಮನೆತನದ್ದು. ಅಪ್ಪನೂ ಅವ್ವನೂ ವರ್ಷಗಟ್ಟಲೆ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದವರು. ಮಗ್ಗಗಳ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ, ಹಾಗಾಗಿ ಅಲ್ಲಿ ಎಲ್ಲವೂ ಕೈಸನ್ನೆ. ಬೆರಳು ಮಡಚಿ ತುಟಿಗೆ ತಂದರೆ ಚಹಾ, ಅಂಗೈಯನ್ನು ಕೆಳಕ್ಕೆ ಒತ್ತಿದರೆ ಮಗ್ಗ ನಿಲ್ಲಿಸು, ಹಣೆಯ ಬಳಿ ಬೆರಳು ತಿರುಗಿಸಿದರೆ ಮಾಲಕರು ಬಂದರು. ಆ ಸನ್ನೆಗಳು ಅವರ ಜೊತೆ ಮನೆಗೂ ಬಂದವು. ನಾನು ಅಕ್ಷರಕ್ಕೆ ಮೊದಲು ಅವನ್ನು ಕಲಿತೆ. ಹಾಗಾಗಿ ಅಪ್ಪನ ಮಾತು ಹೋದಾಗ ನಮಗೆ ಕಾಲಿನದೇ ಚಿಂತೆಯಾಯಿತು. ಎಡಗೈ ನೆಟ್ಟಗಿದೆ, ಹೇಳುವುದೆಲ್ಲ ತಿಳಿಯುತ್ತದೆ, ಮಾತಿನ ಚಿಕಿತ್ಸೆ ಆಮೇಲೆ ನೋಡಿದರಾಯಿತು ಎಂದುಕೊಂಡೆವು. ಬೇರೆಯವರ ಮನೆಯಲ್ಲಿ ಈ ತಪ್ಪು ಆಗುತ್ತಿರಲಿಲ್ಲ. ಅವರಿಗೆ ಸನ್ನೆ ಅಷ್ಟು ಚೆನ್ನಾಗಿ ತಿಳಿಯುತ್ತಲೇ ಇರಲಿಲ್ಲ.

ಕೊಲ್ಲಾಪುರದ ಕೇಂದ್ರ ನೋಡಲು ಹೋದಾಗ ಅಲ್ಲಿ ಮಾತಿನ ಚಿಕಿತ್ಸೆ ಕೊಡುವ ಹೆಂಗಸೊಬ್ಬರಿದ್ದರು. ಕಾಗಲ ಕಡೆಯವರು, ನಮ್ಮ ಹಾಗೆಯೇ ಕನ್ನಡದವರು. ನಾವು ಕೂತಿದ್ದಾಗ ಅಪ್ಪ ಹೆಬ್ಬೆರಳು ಸ್ವಲ್ಪ ಎತ್ತಿದ. ಅವ್ವ ನೀರಿನ ಬಾಟಲಿಯ ಮುಚ್ಚಳ ತೆಗೆದಳು. ಆ ಹೆಂಗಸು ಅದನ್ನೇ ನೋಡುತ್ತಿದ್ದರು.

"ಇವ್ರಿಗೆ ಮಾತು ಯಾಕ ಬೇಕ್ರಿ?" ಎಂದರು. "ಬಾಯಿ ತೆರಿಯೂದ್ರಾಗ ನೀರು ಬಂತು."

ಸನ್ನೆ ಬಿಡಿಸುವುದು ಬೇಡ, ಆದರೆ ಅದರ ಜೊತೆ ಒಂದು ದನಿ ಬರುವವರೆಗೆ ಸ್ವಲ್ಪ ತಾಳಿ, ಅವರೆದುರು ಮಾತಾಡುತ್ತಿರಿ ಎಂದು ಹೇಳಿಕೊಟ್ಟರು. ಕೇಂದ್ರದಲ್ಲಿ ಸೇರಿಸಬೇಕೇ ಎಂದು ಕೇಳಿದ್ದಕ್ಕೆ, ಅಪ್ಪನನ್ನೇ ಕೇಳಿದ್ದೀರಾ ಎಂದರು. ಕೇಳಿರಲಿಲ್ಲ. ಓಣಿಯವರನ್ನೆಲ್ಲ ಕೇಳಿದ್ದೆವು.

ಮನೆಗೆ ಬಂದು ಅಪ್ಪನ ಮುಂದೆ ಕೂತೆ. "ಅಪ್ಪಾ, ಕೊಲ್ಲಾಪುರದಾಗ ಇರ್ತೀಯೇನು?"

ಅಪ್ಪ ಎಡ ಅಂಗೈ ಕೆಳಕ್ಕೆ ಒತ್ತಿದ. ಮಗ್ಗ ನಿಲ್ಲಿಸು. ಇಷ್ಟು ಸ್ಪಷ್ಟವಾದ ಉತ್ತರ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಆದರೂ ತಿಳಿಯದವಳ ಹಾಗೆ ಗೋಡೆ ನೋಡಿದೆ. ಅವನು ಮತ್ತೆ ಒತ್ತಿದ. ಅವ್ವ ಏಳಲು ಹೋದಳು. ನಾನು ಅವಳ ಸೆರಗು ಹಿಡಿದುಕೊಂಡೆ. ಅಪ್ಪನ ಮುಖ ಕೆಂಪಗಾಯಿತು, ತುಟಿ ಓರೆಯಾಗಿ ನಡುಗಿತು. ತಪ್ಪು ಮಾಡುತ್ತಿದ್ದೇನೋ ಏನೋ ಎಂದುಕೊಳ್ಳುತ್ತಲೇ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದೆ.

"ಕಿ... ಕಿವ್ಡಿ," ಎಂದ ಅಪ್ಪ.

ಅವ್ವ ಸೆರಗು ಬಿಡಿಸಿಕೊಂಡು ಒಳಗೆ ಹೋಗಿ ಮೂಗು ಒರೆಸಿಕೊಂಡಳು.

ಈಗ ಕೈಕಾಲಿನ ವ್ಯಾಯಾಮ ಮನೆಯಲ್ಲಿ, ಮಾತಿಗೆ ವಾರಕ್ಕೊಮ್ಮೆ ಕೊಲ್ಲಾಪುರ. ಕಾಕಾ ಗಡಹಿಂಗ್ಲಜದಿಂದ ತಂದುಕೊಟ್ಟ ಎಣ್ಣೆ ಅವ್ವನ ಮೊಣಕಾಲಿಗೆ ಹೋಗುತ್ತಿದೆ. ಇದೇ ಸರಿಯಾದ ಆಯ್ಕೆಯೇ ಎಂದು ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ. ಹುಪರಿಯ ಮಾಮಾ ನಿನ್ನೆ ಫೋನು ಮಾಡಿ ಮತ್ತೊಬ್ಬ ಡಾಕ್ಟರ ಹೆಸರು ಹೇಳಿದ್ದಾನೆ. ನಾನು ಮಾತ್ರ ದಿನವೂ ಅಪ್ಪನೆದುರು ಕೂತು ಊರಿನ ಸುದ್ದಿ ಹೇಳುತ್ತೇನೆ. ಸುದ್ದಿ ಬೇಗ ಮುಗಿಯುತ್ತದೆ, ಅಭ್ಯಾಸವಿಲ್ಲ ನೋಡಿ. ಅಪ್ಪ ಹುಬ್ಬೇರಿಸಿ, ಮುಂದೆ, ಎಂಬಂತೆ ಕಾಯುತ್ತಾನೆ.

ಇವತ್ತು ಮುಂಜಾನೆ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೆರಳು ಮಡಚಿ ತುಟಿಗೆ ತಂದಳು. ನಾನು ಏಳುವವಳಿದ್ದೆ. ಅಪ್ಪ ಅವಳನ್ನು ಒಮ್ಮೆ ನೋಡಿ, ಮುಖ ತಿರುಗಿಸಿ, ತಿಳಿಯದವನ ಹಾಗೆ ಗೋಡೆ ನೋಡುತ್ತ ಕೂತ.