ಹರಿವಾಣದಲ್ಲಿ ಕರ್ಪೂರದ ದೋಣಿ

ನಮ್ಮಕ್ಕನಿಗೆ ಕೋಪ ಬಂದರೆ ಬೈಯುವುದಿಲ್ಲ, ಪಾಠ ಶುರುಮಾಡುತ್ತಾಳೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದಾಗ, ಮುಳಬಾಗಿಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವಳು ಅಪ್ಪನಿಗೆ ಮಾಡಿದಷ್ಟು ಚೆಂದದ ಪಾಠವನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ಅಪ್ಪ ಅರ್ಚಕರು. ಸಕ್ಕರೆ ಕಾಯಿಲೆ ಬೇರೆ. ಅಂಗಾಲಿನಲ್ಲಿ ಕೀವು ಕಟ್ಟಿ ಪಾದ ಊದಿಕೊಂಡಿತ್ತು. ಕೋಲಾರದ ಡಾಕ್ಟರು, ಕೂಡಲೇ ಕೊಯ್ದು ತೆಗೆಯದಿದ್ದರೆ ಕಾಲಷ್ಟೇ ಅಲ್ಲ, ಜೀವಕ್ಕೇ ಅಪಾಯ ಎಂದಿದ್ದರು. ಅಪ್ಪನದು ಒಂದೇ ಹಟ: “ಮಾತ್ರೆ ನುಂಗ್ತಾ ಇದೀನಲ್ಲ, ಅದೇ ಹೋಗಿ ವಾಸಿ ಮಾಡುತ್ತೆ.”

ಅಕ್ಕ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಡಂ. “ಮಾತ್ರೆ ತಾನಾಗಿ ಎಲ್ಲೂ ಹೋಗಲ್ಲ ಅಪ್ಪಾ. ರಕ್ತ ಹೋದ ಕಡೆ ಹೋಗುತ್ತೆ. ಕೀವು ಕಟ್ಟಿರೋ ಜಾಗಕ್ಕೆ ರಕ್ತಾನೇ ಹೋಗಲ್ಲ.” ಆಮೇಲೆ ತಾನು ಓದಿದ್ದನ್ನು ಹೇಳಿದಳು. ಹೊರದೇಶದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಡ್ಡಿಗಳನ್ನು ಮಾಡಿದ್ದಾರಂತೆ. ದ್ರವದಲ್ಲಿ ಬಿಟ್ಟರೆ ತಾವೇ ಈಜುತ್ತವಂತೆ. ಮುಂದೆ ಅಂಥವು ಔಷಧಿ ಹೊತ್ತುಕೊಂಡು ಕೀವಿನೊಳಕ್ಕೇ ನುಗ್ಗಬಹುದಂತೆ. ಔಷಧಿಗೇ ಈಜು ಕಲಿಸಲು ಹೊರಟ ಆ ಪುಣ್ಯಾತ್ಮರ ತಲೆಯನ್ನು ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ.

“ಹಾಗಾದ್ರೆ ಅದನ್ನೇ ತರ್ಸು,” ಎಂದರು ಅಪ್ಪ.

“ಅದು ಔಷಧಿಯಾಗಿ ಬರೋಕೆ ಇನ್ನೂ ಎಷ್ಟು ವರ್ಷಾನೋ!”

“ತಾನೇ ಈಜುತ್ತಾ? ಸುಮ್ನೆ ಕಥೆ ಕಟ್ಟಬೇಡ ಕಣಮ್ಮ.”

ತಾನಾಗಿ ಹೇಗೆ ಓಡುತ್ತೆ ಅಂತ ತೋರಿಸಲು ಅಕ್ಕ ಯಾರದೋ ಲಗ್ನಪತ್ರಿಕೆ ಕತ್ತರಿಸಿ ಬೆರಳುದ್ದದ ದೋಣಿ ಮಾಡಿದಳು. ಅದರ ಹಿಂಬದಿಗೆ ಕರ್ಪೂರದ ಚೂರು ಸಿಕ್ಕಿಸಿ, ದೇವರ ಮನೆಯ ಹರಿವಾಣಕ್ಕೆ ನೀರು ಹೊಯ್ದು ತೇಲಿಬಿಟ್ಟಳು. ದೋಣಿ ಜಪ್ಪಯ್ಯ ಅಂದರೂ ಕದಲಲಿಲ್ಲ. ಅಕ್ಕನ ಮುಖ ಕೆಂಪಾಯಿತು.

ಅಪ್ಪ ಬಗ್ಗಿ ಹರಿವಾಣದ ಅಂಚನ್ನು ಬೆರಳಿನಿಂದ ಸವರಿದರು. “ಬೆಳಿಗ್ಗೆ ಆರತಿ ತುಪ್ಪ ಚೆಲ್ಲಿತ್ತು, ಜಿಡ್ಡು ಹೋಗಿಲ್ಲ. ತಿಕ್ಕಿಕೊಂಡು ಬಾ.”

ಸೀಗೇಪುಡಿ ಹಾಕಿ ತಿಕ್ಕಿ ತೊಳೆದು, ಹೊಸ ನೀರು, ಹೊಸ ದೋಣಿ. ಈ ಸಲ ಅದು ಸರ್ರನೆ ಓಡಿತು! ಅಂಚಿಗೆ ತಾಗಿ ತಿರುಗಿ ಮತ್ತೆ ಓಡಿತು. “ಕರ್ಪೂರ ಕರಗಿ ಹಿಂದಿನ ನೀರಿನ ಬಿಗಿ ಸಡಿಲ ಮಾಡುತ್ತೆ, ಮುಂದಿನ ನೀರು ದೋಣೀನ ಎಳ್ಕೊಳ್ಳುತ್ತೆ; ಜಿಡ್ಡಿದ್ರೆ ಆ ಬಿಗಿ ಮೊದಲೇ ಹೋಗಿರುತ್ತೆ,” ಎಂದಳು ಅಕ್ಕ. ಅಪ್ಪ ನೋವು ಮರೆತು “ಅರೆರೆರೆ!” ಎಂದು ಚಪ್ಪಾಳೆ ತಟ್ಟಿದರು. ನನಗೂ ಖುಷಿ ತಡೆಯಲಾಗಲಿಲ್ಲ.

ಆಮೇಲೆ ಅವರು ದೋಣಿಯನ್ನು ಬೆರಳಿನಿಂದ ತಡೆದು ನಿಲ್ಲಿಸಿದರು. ಬ್ಯಾಂಡೇಜು ಸುತ್ತಿದ ಪಾದವನ್ನೇ ನೋಡುತ್ತಾ ಕೇಳಿದರು.

“ಜಿಡ್ಡಿದ್ರೆ ಇದೂ ಓಡಲ್ಲ, ಅಲ್ವೇನಮ್ಮಾ?”

“ಹೂಂ ಅಪ್ಪಾ.”

“ಹಾಗಾದ್ರೆ ಒಳಗಿನ ಕೊಳೆ ಮೊದ್ಲು ತೆಗೆಸೋಣ. ಕಾರು ಹೇಳು, ಕೋಲಾರಕ್ಕೆ ಹೊರಡೋಣ.”

ಕ್ಲಾಸಿನಲ್ಲಿ ಹುಡುಗರನ್ನು ನಡುಗಿಸುವ ಅಕ್ಕ, ಅಪ್ಪನ ತೊಡೆಗೆ ಮುಖ ಒತ್ತಿ ಅತ್ತುಬಿಟ್ಟಳು. ಆಪರೇಷನ್ನಿನಲ್ಲಿ ಕಾಲಿನ ಎರಡು ಬೆರಳು ಹೋದವು, ಕಾಲು ಉಳಿಯಿತು. ಅಪ್ಪ ಕಾರಿಳಿದು ಮನೆಯೊಳಕ್ಕೆ ನಡೆದುಕೊಂಡೇ ಬಂದರು.