ಎಣ್ಣೆ ಹಾಕದ ತಟ್ಟೆ

ನಮ್ಮ ಮೇಡಂ ಯಾವ ಡಬ್ಬಿಯನ್ನೂ ಮೊದಲು ಕಣ್ಣಿಂದ ನೋಡುತ್ತಿರಲಿಲ್ಲ. ಕನ್ನಡಕವನ್ನು ತಲೆ ಮೇಲೇರಿಸಿ, ಮುಚ್ಚಳ ಒಂದಿಷ್ಟೇ ಸರಿಸಿ, ಮೂಗುಬಟ್ಟಿನ ಮೂಗನ್ನು ಹತ್ತಿರ ತಂದು ಮೂಸುತ್ತಿದ್ದರು. ಲ್ಯಾಬಿನಲ್ಲಿ ಏನನ್ನೂ ಮೂಸಬಾರದೆಂದು ನಮಗೆ ಪಾಠ ಮಾಡಿದವರೂ ಅವರೇ.

ಕಲಬುರಗಿಯಲ್ಲಿ ಅವರ ಕೈಕೆಳಗೆ ನಾನು ಸಂಶೋಧನೆಗೆ ಸೇರಿದ್ದೆ. ಔಷಧಿಗೆ ಬಗ್ಗದ ಯೀಸ್ಟ್ ಸೋಂಕಿಗೆ ಗಿಡಗಳ ಎಣ್ಣೆ ಮದ್ದಾದೀತೇ ಎಂಬುದು ನಮ್ಮ ಪ್ರಶ್ನೆ. ಕಮಲಾಪುರದ ನಮ್ಮ ಬಾಳೆ ತೋಟದ ಬದುವಿನಲ್ಲಿ ಅವ್ವ ಚಹಾಕ್ಕೆಂದು ಬೆಳೆಸಿದ ನಿಂಬೆ ಹುಲ್ಲನ್ನೇ ಬಸ್ಸಿನಲ್ಲಿ ತಂದು ಎಣ್ಣೆ ಇಳಿಸುತ್ತಿದ್ದೆ. ಯೀಸ್ಟ್ ಹರಡಿದ ತಟ್ಟೆಯ ನಡುವೆ ಒಂದು ತೊಟ್ಟು ಎಣ್ಣೆ ಇಟ್ಟರೆ ಸುತ್ತ ಏನೂ ಬೆಳೆಯುತ್ತಿರಲಿಲ್ಲ. ನಾನು ಹಿಗ್ಗಿದ್ದೇ ಹಿಗ್ಗಿದ್ದು. ಹೋಲಿಕೆಗೆಂದು ಎಣ್ಣೆ ಹಾಕದೆ ಇಟ್ಟ ತಟ್ಟೆಗಳಲ್ಲೂ ಯೀಸ್ಟ್ ಸರಿಯಾಗಿ ಬೆಳೆದಿರಲಿಲ್ಲ. ಅದನ್ನು ಕಂಡೂ ಕಾಣದಂತಿದ್ದೆ.

ಮೇಡಂ ಎಣ್ಣೆ ಹಾಕದ ತಟ್ಟೆಯೊಂದನ್ನು ಎತ್ತಿ ಮೂಸಿದರು. "ನಿಮ್ಮವ್ವನ ಚಹಾದ ವಾಸನಿ ಈ ತಟ್ಟೀಗಿ ಹ್ಯಾಂಗ ಬಂತು?"

ಎರಡೂ ಬಗೆಯ ತಟ್ಟೆಗಳನ್ನು ಒಂದೇ ಡಬ್ಬಿಯಲ್ಲಿ ಇಟ್ಟಿದ್ದೆ. ಎಣ್ಣೆಯ ಆವಿ ಎಲ್ಲವನ್ನೂ ಮುಟ್ಟಿತ್ತು. ಹೋಲಿಕೆಯ ತಟ್ಟೆಯಲ್ಲೇ ಯೀಸ್ಟ್ ಬೆಳೆಯದಿದ್ದರೆ ಎಣ್ಣೆಯಿಂದಲೇ ಸತ್ತಿತೆಂದು ಹೇಳುವಂತಿಲ್ಲ. ಎಂಟು ತಿಂಗಳ ಕೆಲಸ ನೀರಲ್ಲಿ ಹೋಮ ಮಾಡಿದಂತಾಯಿತು. ಎರಡು ದಿನ ಮುಖ ಊದಿಸಿಕೊಂಡೇ ಇದ್ದೆ. ಮೂರನೆಯ ದಿನ ಅವರು ಬ್ರಹ್ಮಪುರದ ಮನೆಯಿಂದ ಚಕ್ಕುಲಿ ಡಬ್ಬಿಯೊಂದನ್ನು ತೊಳೆದು ತಂದು ನನ್ನ ಮೇಜಿನ ಮೇಲಿಟ್ಟು ಪಾಠಕ್ಕೆ ಹೋದರು. ಎಣ್ಣೆ ಹಾಕದ ತಟ್ಟೆಗಳಿಗೆ ಅಂದಿನಿಂದ ಅದೇ ಡಬ್ಬಿ.

ಹೋದ ವರ್ಷ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ದೊಡ್ಡ ಆಪರೇಷನ್ ಆದ ಮೇಲೆ ಅವರ ರಕ್ತಕ್ಕೇ ಯೀಸ್ಟ್ ಸೇರಿತು. ಒಂದಾದ ಮೇಲೊಂದು ಔಷಧಿ ಸೋತಿತು. ದಿಕ್ಕು ತೋಚದೆ ನಾನು ಎಣ್ಣೆಯ ಬಾಟಲಿ ಒಯ್ದೆ. ಮೂಸಿ ನಕ್ಕರು.

"ತಟ್ಟ್ಯಾಗ ಕೊಂದದ್ದು ಮೈಯಾಗ ಕೊಲ್ತದಂತ ನಮಗ ಇನ್ನಾ ಗೊತ್ತಿಲ್ಲವ್ವ. ಯಾರಿಗೂ ಕೊಡಬ್ಯಾಡ, ನನಗೂ ಬ್ಯಾಡ. ನನ್ನ ಯೀಸ್ಟ್ ಒಯ್ದು ಬೆಳಸು. ಡಬ್ಬಿ ಬ್ಯಾರೆ ಇಡು."

ಆಸ್ಪತ್ರೆಯ ಲ್ಯಾಬಿಗೆ ಒಪ್ಪಿಗೆಯ ಚೀಟಿಯನ್ನೂ ಬರೆದುಕೊಟ್ಟರು. ಆರನೆಯ ದಿನ ತೀರಿಕೊಂಡರು.

ಅವರ ದಹನ ಮುಗಿದ ಮರುದಿನ, ಅವರ ಯೀಸ್ಟ್ ಹರಡಿ ಇಟ್ಟಿದ್ದ ತಟ್ಟೆಗಳ ಡಬ್ಬಿಗಳನ್ನು ತೆರೆದೆ. ಎಣ್ಣೆಯ ತೊಟ್ಟಿನ ಸುತ್ತ ಅಗಲವಾದ ಬಯಲು. ಎಲ್ಲ ಔಷಧಿಗಳನ್ನೂ ಸೋಲಿಸಿದ್ದು ನಮ್ಮ ಬದುವಿನ ಹುಲ್ಲಿಗೆ ಸೋತಿತ್ತು. ಅಂದು ಬಾಟಲಿಯನ್ನು ವಾಪಸ್ ತಂದೆನಲ್ಲ ಎಂದುಕೊಂಡೆ. ಅವರ ಮಾತು ನೆನಪಿತ್ತು, ಆದರೂ ಅಳು ತಡೆಯಲಾಗಲಿಲ್ಲ.

ಆಮೇಲೆ ಚಕ್ಕುಲಿ ಡಬ್ಬಿಯ ಮುಚ್ಚಳ ಸರಿಸಿ ಮೂಸಿದೆ. ಚಹಾದ ವಾಸನೆ ಇರಲಿಲ್ಲ. ಎಣ್ಣೆ ಹಾಕದ ತಟ್ಟೆಯ ತುಂಬ, ಅವರನ್ನು ಕೊಂದದ್ದು ಬೆಳ್ಳಗೆ ಬೆಳೆದಿತ್ತು. ಲ್ಯಾಬಿನ ಪುಸ್ತಕ ತೆಗೆದು ಮೊದಲು ಅದನ್ನೇ ಬರೆದೆ.